ಸಂಡಿಗೆ ಒಣಗಿಸುವ ಕಟ್ಟೆಯ ಮೇಲೆ ರಾಮ

ನಮ್ಮ ಮನೆಯ ತುಳಸಿಗೆ ನೆಟ್ಟಗೆ ನಿಲ್ಲುವ ಅಭ್ಯಾಸವಿಲ್ಲ. ಎಷ್ಟು ಸಲ ಕುಂಡ ತಿರುಗಿಸಿಟ್ಟರೂ ಬೀದಿಯ ಕಡೆಗೇ ವಾಲುತ್ತದೆ, ಹೋಗಿ ಬರುವವರನ್ನು ಮಾತಾಡಿಸುವ ಹಾಗೆ. "ಒಡತಿ ಗುಣ ಗಿಡಕ್ಕೂ ಬಂದದ" ಎಂದು ನಮ್ಮ ಮನೆಯವರು ನಗುತ್ತಾರೆ. ಹೋದ ವರ್ಷ ಆಷಾಢದಲ್ಲಿ ಕುಂಡದ ಹಿಂದೆ ಬಿದ್ದಿದ್ದ ಒಂದು ಬಿದಿರ ಕಡ್ಡಿ ಕಣ್ಣಿಗೆ ಬಿತ್ತು. ಯಾರದು, ಎಲ್ಲಿಂದ ಬಂತು ಎಂದು ಯೋಚಿಸದೆ ಮಣ್ಣಿಗೆ ಚುಚ್ಚಿ, ಹಳೆಯ ಸೀರೆಯ ಅಂಚು ಹರಿದು ಗಿಡವನ್ನು ಅದಕ್ಕೆ ಕಟ್ಟಿದೆ. ಅಂದಿನಿಂದ ತುಳಸಿಗೆ ನೀರೆರೆದರೆ ಕಡ್ಡಿಗೂ ನೀರು, ತುಳಸಿಗೆ ಕುಂಕುಮವಿಟ್ಟರೆ ಕಡ್ಡಿಗೂ ಒಂದು ಬೊಟ್ಟು. ಪ್ರದಕ್ಷಿಣೆ ಬಂದದ್ದಂತೂ ಇಬ್ಬರಿಗೂ ಸೇರಿಯೇ.

ಮೊನ್ನೆ ಶ್ರಾವಣ ಹುಟ್ಟುವ ಮೊದಲು ಮಣ್ಣು ಬದಲಿಸೋಣವೆಂದು ಕಡ್ಡಿ ಕಿತ್ತೆ. ಒಳಗೆ ಹೂತಿದ್ದ ತುದಿಯನ್ನು ನೀರಲ್ಲಿ ತೊಳೆದರೆ ಅದು ಉದ್ದಕ್ಕೆ ಸೀಳಿದ ಬಿದಿರು. ಸೀಳಿನ ಬಾಯಿಗೆ ಕೆಂಪು ನೂಲು ಬಿಗಿಯಾಗಿ ಸುತ್ತಿತ್ತು. ನೂಲು ನೋಡಿದ್ದೇ ತಡ, ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅದೇ ಕಟ್ಟೆ. ಅದೇ ಕಡಪ ಕಲ್ಲು.

ನನ್ನದೊಂದು ಪದ್ಧತಿ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಅಂದಿನ ಉಪಕಾರಗಳನ್ನು ಬೆರಳೆಣಿಸಿ ದೇವರಿಗೆ ಒಪ್ಪಿಸುವುದು. ಹಾಲು ಒಡೆಯಲಿಲ್ಲ, ಒಂದು. ನಲ್ಲಿಯಲ್ಲಿ ನೀರು ಬಂತು, ಎರಡು. (ಬಳ್ಳಾರಿಯಲ್ಲಿ ಇದಕ್ಕೆ ಒಂದೇ ಬೆರಳು ಕೊಡುವುದು ಕೃತಘ್ನತೆ, ಎರಡಾದರೂ ಕೊಡಬೇಕು.) ಮನೆಯವರ ಮಂಡಿನೋವು ನಿನ್ನೆಯಷ್ಟೇ ಇದೆ, ಹೆಚ್ಚಾಗಿಲ್ಲ. ಐದು ಬೆರಳು ತುಂಬಿದರೆ ಸಮಾಧಾನ. ಆದರೆ ನಾನು ಮಾಡಿದ ಅಪಕಾರ ಎಣಿಸುವ ಪದ್ಧತಿ ಮಾತ್ರ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದರೆ ಆ ಕಡ್ಡಿ ಯಾರದೆಂದು ಒಂದು ವರ್ಷ ಮೊದಲೇ ತಿಳಿಯುತ್ತಿತ್ತು.

ನಮ್ಮ ಓಣಿಯ ಹೆಂಗಸರ ಭಜನಾ ಮಂಡಳಿ ವರ್ಷಕ್ಕೆ ಎರಡು ಸಂಚಿಕೆ ತರುತ್ತದೆ. ವ್ರತದ ಕಥೆ, ಬದನೆಕಾಯಿ ಎಣ್ಣೆಗಾಯಿ, ರಂಗೋಲಿ, ಕಡೆಯ ಪುಟದಲ್ಲಿ ಮನೆಮದ್ದು. ಒಮ್ಮೆ ಯಾರೋ "ಈಗಿನ ಕಾಲದ ಕಲಾವಿದರ ಜೊತೀಗೆ ಮಾತುಕತಿ ಹಾಕೋಣ" ಎಂದರು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಚಿತ್ರ, ಶಿಲ್ಪ ಯಾವುದೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಸಿರುಗುಪ್ಪ, ಕುರುಗೋಡಿನ ಬಸ್ಸುಗಳ ಸಮಯ, ಮತ್ತು ಬಸ್ಸಿನಲ್ಲಿ ಪಕ್ಕ ಕುಳಿತವರ ಮಗಳ ಜಾತಕದವರೆಗೂ ಮಾತು ತಲುಪಿಸುವ ವಿದ್ಯೆ. ಮಂಡಳಿಗೆ ಅಷ್ಟು ಸಾಕಾಗಿತ್ತು.

ಮೊದಲು ಹೋದದ್ದು ಕುರುಗೋಡಿನ ಪಂಪಾಪತಿ ಮೇಷ್ಟ್ರ ಮನೆಗೆ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ಗೋಡೆಯ ತುಂಬ ಚಿತ್ರ, ಎಲ್ಲದರಲ್ಲೂ ಅದೇ ಕಲ್ಲುಗುಡ್ಡ. ನಾನು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ, ಬಹಳ ಹೊತ್ತು ಯೋಚಿಸಿ, ನನ್ನ ಮೊದಲ ಪ್ರಶ್ನೆ ಕೇಳಿದೆ.

"ಮೇಷ್ಟ್ರ, ಒಂದೇ ಗುಡ್ಡ ಇಷ್ಟು ಸಲ ಬಿಡಿಸೀರಲ್ಲ, ಬ್ಯಾಸರ ಬರೂದಿಲ್ಲೇನು?"

"ನೀವು ದಿನಾ ಅದೇ ಸಾರು ಮಾಡ್ತೀರಲ್ರಿ ಅಕ್ಕಾರ?"

"ಸಾರು ದಿನಾ ಬ್ಯಾರೆ ಆಗ್ತದ್ರಿ."

"ಗುಡ್ಡಾನೂ ಹಂಗ. ವರ್ಷಕ್ಕೊಂದು, ಒಂದೇ ಬಂಡಿಗಲ್ಲಿನ ಮ್ಯಾಲ ಕುಂತು ಬಿಡಿಸೀನಿ. ಇದು ಮೊದಲ್ನೇದು, ಇದು ಈ ವರ್ಷದ್ದು. ಆಕಾಶ ಎಷ್ಟು ಹೆಚ್ಚಾಗೈತಿ ನೋಡ್ರಿ. ನಾ ಗುಡ್ಡ ಬಿಡಸಾಕ ಕುಂತಿದ್ದೆ. ಈಗ ನೋಡಿದ್ರ ಬರೇ ಆಕಾಶ ಬಿಡಸಾಕ ಹತ್ತೀನಿ."

"ಆಕಾಶ ಬಾಳ ಚಂದ ಬಂದದ್ರಿ" ಎಂದೆ ನಾನು.

ಮೇಷ್ಟ್ರು ನನ್ನ ಮುಖ ನೋಡಿ, ಹೆಂಡತಿಗೆ ಚಹಾ ತರಲು ಹೇಳಿದರು. ಕಲ್ಲು ಒಡೆದು ಒಡೆದು ಗುಡ್ಡ ಸವೆಯುತ್ತಿದೆ, ಮಿಕ್ಕ ಜಾಗಕ್ಕೆ ಆಕಾಶ ಬರುತ್ತಿದೆ ಎಂಬುದು ನನಗೆ ಹೊಳೆದದ್ದು ಬಸ್ಸು ಬಳ್ಳಾರಿ ಮುಟ್ಟಿದ ಮೇಲೆ. ಏನು ಮಾಡಲಿ, ನನಗೆ ಎಲ್ಲವೂ ಒಂದು ಬಸ್ಸು ತಡವಾಗಿಯೇ ಅರ್ಥವಾಗುತ್ತದೆ.

ಸುಂಕಮ್ಮನ ಹೆಸರು ಹೇಳಿದವರೂ ಅವರೇ. "ಸಿರುಗುಪ್ಪದಾಗ ಅದಾಳ್ರಿ. ತೊಗಲು ಗೊಂಬಿಯಾಕಿ. ಅವರಪ್ಪ ರಾಮಾಯಣ ಆಡಸ್ತಿದ್ದ. ಈಕಿ ಅದನ್ನೂ ಆಡಸ್ತಾಳ, ಮತ್ತ ಹೊಸಾ ಗೊಂಬಿನೂ ಮಾಡ್ತಾಳ. ಟ್ರ್ಯಾಕ್ಟರು, ಆಟೋ, ನರ್ಸಮ್ಮ. ಆಕೀನ ಮಾತಾಡಸ್ರಿ, ನನ್ನಂಗ ಸುತ್ತಿ ಬಳಸಿ ಹೇಳಂಗಿಲ್ಲ."

ತೊಗಲು ಗೊಂಬೆ ಎಂದ ಕೂಡಲೆ ನನ್ನ ಮನಸ್ಸು ತವರಿಗೆ, ರೂಪನಗುಡಿಗೆ ಹೋಯಿತು. ಚಿಕ್ಕವಳಿದ್ದಾಗ ಅಲ್ಲಿ ಒಮ್ಮೆ ಗೊಂಬೆಯಾಟ ನಡೆದಿತ್ತು. ರಾಮ ಬರುವ ಮೊದಲೇ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಬೆಳಿಗ್ಗೆ ಹಲ್ಲು ಕೂಡ ಉಜ್ಜದೆ ಓಡಿಹೋಗಿ ನೋಡಿದರೆ ಪರದೆಯೂ ಇಲ್ಲ, ರಾಮನೂ ಇಲ್ಲ. ಕಂಬ ನೆಟ್ಟಿದ್ದ ಕುಳಿ, ಚೆಲ್ಲಿದ ಎಣ್ಣೆ, ಅದಕ್ಕೆ ಮುತ್ತಿದ ಇರುವೆ. ಅತ್ತುಕೊಂಡು ಮನೆಗೆ ಬಂದಿದ್ದೆ. ಆ ರಾಮನನ್ನು ಈಗ ಹತ್ತಿರದಿಂದ ನೋಡಬಹುದು ಎಂಬ ಆಸೆ ನನಗಿತ್ತು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ಆಸೆ ಇದ್ದೂ ನಾನು ಮಾಡಿದ್ದು ಏನು ಎಂಬುದೇ ನನ್ನ ದುಃಖ.

ಅದು ಹೋದ ವರ್ಷದ ಚೈತ್ರ. ನಮ್ಮ ಅತ್ತೆಯವರು ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ನಾನು ಸಿರುಗುಪ್ಪಕ್ಕೆ ಹೋಗುವಂತಿರಲಿಲ್ಲ. ಫೋನ್ ಮಾಡಿದರೆ ಸುಂಕಮ್ಮನೇ, "ಅದಕ್ಯಾಕ ಚಿಂತಿ ಮಾಡ್ತೀರಿ ಅಮ್ಮಾರ, ನಾನ ಬರ್ತೀನಿ. ಗೊಂಬಿನೂ ತರ್ತೀನಿ" ಎಂದಳು. ಮರುದಿನ ಹತ್ತು ಗಂಟೆಯ ಹೊತ್ತಿಗೆ ಬಂದೇ ಬಿಟ್ಟಳು. ಮೂವತ್ತೈದರ ಹೆಣ್ಣುಮಗಳು, ಕೈಯಲ್ಲಿ ಹಸಿರು ಬಳೆ, ಬಗಲಲ್ಲಿ ಮಗುವನ್ನು ಎತ್ತಿಕೊಂಡ ಹಾಗೆ ಚಾಪೆ ಸುತ್ತಿದ ಗಂಟು.

ನಮ್ಮದು ಮಡಿ ಮನೆ. ಬಾಗಿಲಿಗೆ ನೇರವಾಗಿ ಪಡಸಾಲೆ, ಪಡಸಾಲೆಗೆ ನೇರವಾಗಿ ದೇವರ ಕೋಣೆ. ಅವಳು ಹೊಸ್ತಿಲ ಹತ್ತಿರ ಬರುತ್ತಿದ್ದ ಹಾಗೆ ನನ್ನ ಬಾಯಿಂದ ಮಾತು ಹೊರಟೇಹೋಯಿತು.

"ನೀ ಒಳಗ ಬಾರವಾ. ಅದನ್ನ ಮಾತ್ರ ಅಲ್ಲೇ ಕಟ್ಟಿ ಮ್ಯಾಲ ಇಡು."

ಸುಂಕಮ್ಮ ನಿಂತಳು. "ಇದರಾಗೂ ದೇವರ ಅದಾರ್ರಿ ಅಮ್ಮಾರ."

"ಹೌದವಾ, ಇಲ್ಲ ಅನ್ನೂದಿಲ್ಲ. ಆದ್ರ ತೊಗಲಲ್ಲ..."

ನಾನು ಆ ಮಾತನ್ನು ಮುಗಿಸಲೂ ಇಲ್ಲ, ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಅವಳು ಒಂದು ಕ್ಷಣ ಗಂಟನ್ನು ನೋಡಿದಳು.

"ಬಿಸಿಲು ಬರತೈತೇನ್ರಿ ಇಲ್ಲಿ? ಬಿಸಿಲು ತಡಿಯಂಗಿಲ್ಲ ಇವು."

"ಇಲ್ಲವಾ, ನೆರಳದ ನೋಡು. ಏನೂ ಆಗೂದಿಲ್ಲ."

ನನ್ನ ಮಾತು ನಂಬಿ ಚಾಪೆ ಬಿಡಿಸಿದಳು. ಬಹಳ ಹೊತ್ತು ಸುತ್ತಿಟ್ಟರೆ ಮಡಿಕೆ ಬೀಳುತ್ತದೆಂದು ಗೊಂಬೆಗಳನ್ನು ಒಂದರ ಮೇಲೊಂದು ಚಪ್ಪಟೆಯಾಗಿ ಇಟ್ಟು, ಮೇಲೆ ತೆಳ್ಳನೆಯ ಬಟ್ಟೆ ಹೊದಿಸಿದಳು. ಎಲ್ಲಕ್ಕಿಂತ ಮೇಲೆ ರಾಮ. ದೇವರ ಮೇಲೆ ಬೇರೆ ಗೊಂಬೆ ಇಡುವ ಹಾಗಿಲ್ಲವಂತೆ, ಅದು ಅವರ ಮಡಿ. ನಾನು ರಾಮನ ಕಿರೀಟದ ತುದಿಯನ್ನಷ್ಟೇ ಕಂಡೆ. "ಆಮ್ಯಾಲ ಪುರಸೊತ್ತಿಲೆ ತೋರಸ್ತೀನಿ" ಎಂದಳು.

ಒಳಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ. ಅವಳು ಮಾತಿಗೆ ಕುಳಿತಳೆಂದರೆ ನನ್ನ ಪ್ರಶ್ನೆಗಳ ಹಂಗೇ ಬೇಕಿರಲಿಲ್ಲ.

"ಮಂದಿ ನಾವು ಬಣ್ಣ ಹಚ್ಚತೀವಿ ಅಂತಾರ್ರಿ. ಬಣ್ಣ ಯಾರರ ಹಚ್ಚತಾರ. ನಾವು ತೂತು ಹೊಡಿತೀವಿ. ಬೆಳಕು ಎಲ್ಲಿಂದ ಹೊರಗ ಬರ್ತೈತೋ ಅಲ್ಲೇ ಗೊಂಬಿ ಕಾಣೋದು."

"ಹೊಸಾ ಗೊಂಬಿ ಯಾಕ ಮಾಡ್ತೀ? ಹಳೇವು ಸಾಕಾಗೂದಿಲ್ಲೇನು?"

"ನಮ್ಮ ಕಡಿ ನಾಟಿ ಮಾಡೋ ಹೆಣ್ಮಕ್ಕಳನ್ನ ನೋಡೀರಲ್ರಿ? ಬಾಗಿದಾಕಿ ಸಂಜಿಗೇ ಏಳೋದು. ನಮ್ಮ ಗೊಂಬಿಗಳೆಲ್ಲ ನಿಂತಾವ್ರಿ. ಸೀತಿ ನಿಂತಾಳ, ಮಂಡೋದರಿ ನಿಂತಾಳ. ಬಾಗಿದಾಕಿ ಒಬ್ಬಾಕೀನೂ ಇಲ್ಲ. ಮಾಡಬೇಕು ಅಂತ ಕುಂತೆ. ನಡಾ ಎಲ್ಲಿ ಕೂಡಸಬೇಕು ಅಂತ ತಿಳೀಲಿಲ್ಲ. ಕಡೀಗೆ ನಾನ ಗದ್ದಿಗಿಳಿದು ಒಂದು ಹಂಗಾಮು ನಾಟಿ ಮಾಡಿದೆ. ಆವಾಗ ತಿಳೀತು. ನಡದಾಗ ಬಾಗೋದಿಲ್ರಿ, ಮೊದಲು ಕುತ್ತಿಗಿ ಬಾಗತೈತಿ."

ಇಷ್ಟು ಒಳ್ಳೆಯ ಮಾತು ಕೇಳಿಯೂ ನಾನು ಕೇಳಿದ ಮುಂದಿನ ಪ್ರಶ್ನೆ, "ಮತ್ತ ನಡಾ ನೋವು ಬಂದಿದ್ದಿಲ್ಲೇನು?"

ಅವಳು ಬಾಯ್ತುಂಬ ನಕ್ಕಳು. "ಬಂದಿತ್ರಿ! ಗೊಂಬೀಗೆ ಹಚ್ಚೋ ಎಣ್ಣಿನ ತಿಕ್ಕಿಕೊಂಡೆ."

ಆಮೇಲೆ ರಾಮನ ಮಾತು ಬಂತು. ಮೇಲಿರುವ ರಾಮ ಅವಳ ಅಪ್ಪ ಕೊರೆದದ್ದು. ಅಪ್ಪ ಹೋದ ಮೇಲೂ ಅದೇ ರಾಮ ಆಡುತ್ತಿದ್ದಾನೆ. "ಎಲ್ಲಾ ಗೊಂಬಿ ನಾ ಮಾಡೀನ್ರಿ, ರಾಮನ್ನ ಮಾತ್ರ ಮುಟ್ಟಿಲ್ಲ. ಅಪ್ಪನ ರಾಮ ಇರೋತನಕ ನಾ ರಾಮನ್ನ ಕೊರಿಯಂಗಿಲ್ಲ ಅಂತ ಮನಸಿನ್ಯಾಗ ಇಟ್ಟೀನಿ. ಪರದಿ ಮ್ಯಾಲ ಆ ರಾಮ ಬಂದ್ರ ಅಪ್ಪ ಬಂದಂಗ ಆಗತೈತಿ."

ನನಗೆ ಕಣ್ಣು ತುಂಬಿ ಬಂತು. ಇಷ್ಟಾದರೂ "ಹೋಗಿ ರಾಮನ್ನ ಒಳಗ ಕರಕೊಂಡು ಬಾರವಾ" ಎನ್ನಬೇಕೆಂದು ಹೊಳೆಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಊಟಕ್ಕೆ ಎಲೆ ಹಾಕಿದೆ.

ಊಟ ಮುಗಿಯುವ ಹೊತ್ತಿಗೆ ಒಳಕೋಣೆಯಿಂದ ಅತ್ತೆಯವರ ದನಿ ಕೇಳಿತು. "ಗೊಂಬಿಯಾಕಿ ಬಂದಾಳಂತಲ್ಲ, ಎಲ್ಲೆ? ಗೊಂಬಿ ತೋರ್ಸಂತ ಹೇಳು."

ನಾನು ಹತ್ತಿರ ಹೋಗಿ ಮೆಲ್ಲಗೆ, "ಹೊರಗ ಕಟ್ಟಿ ಮ್ಯಾಲ ಇಡ್ಸೀನ್ರಿ ಅತ್ತಿ. ತೊಗಲು ಅಂತ" ಎಂದೆ.

"ಹುಚ್ಚಿ ಅದೀ ಏನ? ನಮ್ಮ ತವರೂರಾಗ ಮಳಿ ಹೋತಂದ್ರ ಗೊಂಬಿ ಆಡಿಸ್ತಿದ್ರು. ಅವರ ಪೆಟ್ಟಿಗಿ ನಮ್ಮ ಪಡಸಾಲಿಯೊಳಗ ಇಡ್ತಿದ್ರು. ನಮ್ಮಜ್ಜಿ ಆರತಿ ಎತ್ತತಿದ್ಲು. ತರಸು ತರಸು. ನನ್ನ ಕನ್ನಡಕ ಕೊಡು."

ಮಡಿಯ ವಿಷಯದಲ್ಲಿ ನನಗೆ ಗುರುವಾಗಿದ್ದವರು ಅವರೇ. ಕನ್ನಡಕ ಕೊಟ್ಟೆ. ಸುಂಕಮ್ಮ ಖುಷಿಯಿಂದ ಹೊರಗೆ ಓಡಿದಳು. ಓಡಿದವಳ ದನಿಯೇ ಇಲ್ಲ. ನಾನು ಬಾಗಿಲಿಗೆ ಬಂದೆ.

ಕಟ್ಟೆಯ ತುಂಬ ಬಿಸಿಲು.

ಈಗ ನನ್ನ ತಪ್ಪು ಹೇಳುತ್ತೇನೆ. ನಮ್ಮ ಕಟ್ಟೆಗೆ ಹನ್ನೆರಡರವರೆಗೆ ಎದುರುಮನೆಯ ನೆರಳು. ಅದು ಸರಿದರೆ ಕಡಪ ಕಲ್ಲು ಹಂಚಿನ ಹಾಗೆ ಕಾಯುತ್ತದೆ. ಇದು ಬೇರೆ ಯಾರಿಗೂ ಗೊತ್ತಿಲ್ಲದಿರಬಹುದು, ನನಗೆ ಗೊತ್ತು. ಮದುವೆಯಾಗಿ ಬಂದಾಗಿನಿಂದ ನಾನು ಅದೇ ಕಟ್ಟೆಯ ಮೇಲೆ ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಒಣಗಿಸುತ್ತಿದ್ದೇನೆ. ಯಾವ ತಿಂಗಳು ಎಷ್ಟು ಹೊತ್ತಿಗೆ ಯಾವ ಮೂಲೆಗೆ ಬಿಸಿಲು ಬರುತ್ತದೆಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಸಂಡಿಗೆಯ ಚಿಂತೆಯಲ್ಲಿ ಎಷ್ಟೋ ಸಲ ಪಾರಾಯಣದ ಮಧ್ಯೆ ಎದ್ದು ಬಂದಿದ್ದೇನೆ. ರಾಮನಿಗಾಗಿ ಏಳಲಿಲ್ಲ.

ಬಟ್ಟೆ ಸರಿದಿತ್ತು. ಮೇಲಿದ್ದ ರಾಮ ಸಂಡಿಗೆಯ ಅಂಚು ಏಳುವ ಹಾಗೆ ಸುತ್ತಲೂ ಎದ್ದು ಸುರುಳಿಯಾಗಿದ್ದ. ಬಿಲ್ಲು ಹಿಡಿದ ಕೈ ಮುದುಡಿ ಎದೆಗೆ ಬಂದಿತ್ತು. ಸುಂಕಮ್ಮ ಗೊಂಬೆಯನ್ನು ಹಿಡಿದಾಡಿಸುವ ಹಿಂದಿನ ಕಡ್ಡಿಯನ್ನು, ಸುತ್ತಿದ ಕೆಂಪು ನೂಲಿನ ಸಮೇತ, ಬಿಡಿಸಿ ಎಸೆದು, ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದಳು. ತೊಗಲು ಚಟ್ಟೆಂದಿತು. ಕಿರೀಟದಿಂದ ಹುಬ್ಬಿನವರೆಗೆ ಒಂದು ಗೆರೆ.

"ಎಣ್ಣಿ ಕೊಡ್ಲೇನವಾ? ಒದ್ದಿ ಬಟ್ಟಿ ತರಲೇನು?" ಎಂದು ನಾನು ಸುತ್ತಲೂ ಓಡಾಡಿದೆ.

"ಬ್ಯಾಡ ಬಿಡ್ರಿ ಅಮ್ಮಾರ" ಎಂದಳು. ಬೈಯಲಿಲ್ಲ. ಅತ್ತಿದ್ದರೂ ಆಗುತ್ತಿತ್ತು, ಅಳಲೂ ಇಲ್ಲ. ಸೆರಗಿನ ನೆರಳು ಮಾಡಿ ರಾಮನನ್ನು ಸುತ್ತಿಕೊಂಡಳು. "ಅಜ್ಜಮ್ಮಗ ಇನ್ನೊಮ್ಮಿ ತೋರಸ್ತೀನಿ ಅಂತ ಹೇಳ್ರಿ."

ಅತ್ತೆಯವರು ಕನ್ನಡಕ ಹಾಕಿಕೊಂಡು ಸಂಜೆಯವರೆಗೂ ಕಾದರು.

ನಮ್ಮ ಮನೆಯವರು ಬಂದ ಮೇಲೆ ಹೇಳಿದೆ. ಚಪ್ಪಲಿ ಬಿಡುತ್ತ ಕೇಳಿಸಿಕೊಂಡವರು ಒಂದೇ ಮಾತು ಕೇಳಿದರು. "ಅಲ್ಲ, ಶನಿವಾರ ನಿಮ್ಮ ಭಜನಿಯೊಳಗ ದೇವರ ಮುಂದನ ಇಡ್ತೀರಲ್ಲ, ಆ ಮೃದಂಗಕ್ಕ ಏನು ಬಾಳಿ ಎಲಿ ಕಟ್ಟಿರ್ತಾರೇನೇ?"

ಅಂದು ಬೆರಳು ಎಣಿಸಲಿಲ್ಲ.

ಸಂಚಿಕೆಗೆ ಲೇಖನ ಬರೆದೆ. ತೂತಿನ ಮಾತು, ನಾಟಿಯ ಮಾತು, ಎಣ್ಣೆ ತಿಕ್ಕಿಕೊಂಡದ್ದು ಎಲ್ಲ ಬರೆದೆ. ಕೊನೆಯಲ್ಲಿ, "ಮಾತಿನ ಸೊಗಸಿನಲ್ಲಿ ಬಿಸಿಲಿನ ತಾಪವೇ ತಿಳಿಯಲಿಲ್ಲ" ಎಂದು ಮುಗಿಸಿದೆ. ಮಂಡಳಿಯವರು ಆ ವಾಕ್ಯವನ್ನು ಬಹಳ ಮೆಚ್ಚಿದರು. ನಾನು ಅಚ್ಚಿಗೆ ಕೊಟ್ಟ ಸುಳ್ಳುಗಳಲ್ಲಿ ಅದೇ ದೊಡ್ಡದು. ಅದನ್ನು ಅಳಿಸಲಿಕ್ಕೆ ಈಗ ಇಷ್ಟು ಉದ್ದ ಬರೆಯಬೇಕಾಗಿದೆ.

ಮಾಘದಲ್ಲಿ ಅತ್ತೆಯವರು ಹೋದರು. ಹೋಗುವ ಮೊದಲು ಎರಡು ಮೂರು ಸಲ, "ಆ ಹುಡುಗಿ ಮತ್ತ ಬಂದಿದ್ಲೇನ?" ಎಂದು ಕೇಳಿದ್ದರು. ಕರೆಯಲು ನನಗೆ ಮುಖವಿರಲಿಲ್ಲ.

ಎರಡು ತಿಂಗಳ ಹಿಂದೆ ಬಳ್ಳಾರಿಯಲ್ಲೇ ಸುಂಕಮ್ಮನ ಆಟವಿತ್ತು. ಪಂಪಾಪತಿ ಮೇಷ್ಟ್ರು ಫೋನ್ ಮಾಡಿ ಕರೆದರು. ಚಿಕ್ಕ ಸಭಾಂಗಣ, ಸಂಜೆಯ ಹೊತ್ತು. ನಾನು ಅವಳಿಗೆ ಕಾಣದ ಹಾಗೆ ಕಂಬದ ಪಕ್ಕ ಕುಳಿತೆ. ಸೀತೆ ಬಂದಳು, ಲಕ್ಷ್ಮಣ ಬಂದ, ಮಾಯಾಜಿಂಕೆ ಕುಣಿದು ಹೋಯಿತು. ರಾಮ ಬರಬೇಕಾದಲ್ಲಿ ಮಾತು ಬಂತು, ಹಾಡು ಬಂತು, ರಾಮ ಬರಲಿಲ್ಲ. ಅಲ್ಲಿ ಬರೀ ಬೆಳಕು. ಸೀತೆ ಆ ಬೆಳಕಿನ ಕಡೆ ಮುಖ ಮಾಡಿ ಮಾತಾಡಿದಳು. ಜನ ಉಸಿರು ಬಿಗಿಹಿಡಿದು ನೋಡಿದರು.

ಆಟ ಮುಗಿದ ಮೇಲೆ ಹೊರ ಊರಿನಿಂದ ಬಂದಿದ್ದ ಒಬ್ಬರು ಎದ್ದು ಕೇಳಿದರು. "ರಾಮನ ಜಾಗವನ್ನು ಖಾಲಿ ಬಿಡುವ ಈ ಪರಿಕಲ್ಪನೆ ನಿಮಗೆ ಹೇಗೆ ಹೊಳೆಯಿತು?"

ಸುಂಕಮ್ಮ ಸೆರಗು ಸರಿಮಾಡಿಕೊಂಡಳು. "ಹೊಳದದ್ದೇನಿಲ್ರಿ. ರಾಮನ್ನ ಹೊರಗ ಕುಂದ್ರಿಸಿದ್ರು. ಇನ್ನಾ ಒಳಗ ಬಂದಿಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಹೆಣ್ಣುಮಗಳು, "ಎಷ್ಟು ಛಂದ ಹೇಳಿದ್ರಲ್ರೀ" ಎಂದಳು. ಇದೊಂದೇ ಮಾತು ನನಗೆ ಬಸ್ಸು ಹತ್ತುವ ಮೊದಲೇ ಅರ್ಥವಾಯಿತು.

ಬಿರುಕು ಬಿಟ್ಟ ಗೊಂಬೆಯನ್ನು ಅವರು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮನುಷ್ಯರನ್ನು ಕಳಿಸುವ ಹಾಗೆ ಹೂವೇರಿಸಿ ಹೊಳೆಗೆ ಬಿಡುತ್ತಾರೆ ಎಂದು ಮೇಷ್ಟ್ರು ಆಮೇಲೆ ಹೇಳಿದರು. ಅವಳ ಅಪ್ಪನ ರಾಮ ತುಂಗಭದ್ರೆಗೆ ಹೋಗಿ ಆಗಲೇ ವರ್ಷ ಕಳೆದಿತ್ತು.

ಆ ರಾಮನ ಕಡ್ಡಿಯೇ ಮೊನ್ನೆ ನನ್ನ ತುಳಸಿ ಕುಂಡದಿಂದ ಎದ್ದು ಬಂದದ್ದು. ಅವಳು ಅವಸರದಲ್ಲಿ ಬಿಡಿಸಿ ಎಸೆದಾಗ ಕಟ್ಟೆಯ ಪಕ್ಕದ ಕುಂಡದ ಹಿಂದೆ ಉರುಳಿಹೋಗಿತ್ತು. ಒಂದು ಗಂಟೆ ಕೂಡ ನಾನು ಒಳಗೆ ಬಿಟ್ಟುಕೊಳ್ಳದ ತೊಗಲಿಗೆ ಅಂಟಿಕೊಂಡಿದ್ದ ಕಡ್ಡಿಗೆ ವರ್ಷವಿಡೀ ಕುಂಕುಮ ಹಚ್ಚಿ ಕೈಮುಗಿದಿದ್ದೇನೆ. ಮನೆಗೆ ಯಾವ ಮೈಲಿಗೆಯೂ ಆಗಲಿಲ್ಲ. ತುಳಸಿ ಅಷ್ಟು ಹುಲುಸಾಗಿ ಎಂದೂ ಬಂದಿರಲಿಲ್ಲ.

ಮರುದಿನವೇ ಕಡ್ಡಿಯನ್ನು ಮಡಿ ಬಟ್ಟೆಯಲ್ಲಿ ಸುತ್ತಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯಲ್ಲಿ ಪಕ್ಕದವರನ್ನು ಮಾತಾಡಿಸಲಿಲ್ಲ. ಸುಂಕಮ್ಮನದು ಒಂದೇ ಕೋಣೆಯ ಮನೆ. ಒಂದೇ ಗೂಡಿನಲ್ಲಿ ದೇವರು, ಕೆಳಗೆ ಗೊಂಬೆಯ ಪೆಟ್ಟಿಗೆ, ಪಕ್ಕದಲ್ಲಿ ಒಲೆ. "ಒಳಗ ಬರ್ರಿ ಅಮ್ಮಾರ, ಬಿಸಲಾಗ ಯಾಕ ನಿಂತೀರಿ?" ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಪೆಟ್ಟಿಗೆಯ ಪಕ್ಕದಲ್ಲೇ ಚಾಪೆ ಹಾಸಿ ಕೂಡಿಸಿದಳು. ಅವಳು ಬೇಕೆಂದು ಹಾಗೆ ಹೇಳಲಿಲ್ಲ, ಬಂದವರಿಗೆಲ್ಲ ಹಾಗೇ ಹೇಳುತ್ತಾಳೆ. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

ಬಟ್ಟೆ ಬಿಡಿಸಿ ಕಡ್ಡಿ ಕೊಟ್ಟೆ. ನೂಲು ಮುಟ್ಟಿ ನೋಡಿದಳು. "ಅಪ್ಪ ಸುತ್ತಿದ್ದು." ಮೂಗಿನ ಹತ್ತಿರ ಹಿಡಿದಳು. "ತುಳಸಿ ವಾಸನಿ ಬರ್ತೈತಲ್ರಿ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ಕೇಳುತ್ತ ಕೇಳುತ್ತ ಅವಳಿಗೆ ನಗು ಬಂತು. ನಕ್ಕು ನಕ್ಕು ಗೋಡೆಗೆ ಒರಗಿದಳು. "ಹಂಗಾರ ನಮ್ಮ ರಾಮನ ಕಡ್ಡಿ ನಿಮ್ಮ ಕಡಿಂದ ವರ್ಷಪೂರ್ತಿ ಪೂಜಿ ಮಾಡಿಸಿಕೊಂತು!" ನಗುತ್ತಲೇ ಕಣ್ಣೊರೆಸಿಕೊಂಡಳು. ಅಷ್ಟು ಹೊತ್ತಿಗೆ ಅದು ನಗುವಾಗಿ ಉಳಿದಿರಲಿಲ್ಲ.

"ನಂದು ತಪ್ಪಾತವಾ ಸುಂಕಮ್ಮ."

"ಆತು ಬಿಡ್ರಿ."

"ಇನ್ನೊಮ್ಮೆ ಮನಿಗೆ ಬಾ. ಒಳಗ, ಪಡಸಾಲಿಯೊಳಗನ ಪರದಿ ಕಟ್ಟೋಣ. ದೇವರ ಮನಿ ಎದುರಿಗೇ."

ಅವಳು ಕಡ್ಡಿಯನ್ನು ದೇವರ ಗೂಡಿನಲ್ಲಿ ಇಟ್ಟಳು. ಪೆಟ್ಟಿಗೆಯ ಮೇಲೆ ಹದ ಮಾಡಿದ ಒಂದು ತೊಗಲು ಇತ್ತು, ಗಾಜಿನ ಹಾಗೆ ತೆಳ್ಳಗೆ. ಅದರ ಮೇಲೆ ಗೆರೆ ಒಂದೂ ಇರಲಿಲ್ಲ.

"ಬರ್ತೀನ್ರಿ" ಎಂದಳು. "ರಾಮ ಆದ ಮ್ಯಾಲ ಬರ್ತೀನಿ. ದಿನಾ ಕುಂದ್ರತೀನಿ, ಅಪ್ಪನ ರಾಮನ ಮಾರಿ ನೆನಪಾಗತೈತಿ, ಕೈ ಏಳವಲ್ದು."

ಯಾವಾಗ ಆಗಬಹುದು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳುವ ಹಕ್ಕೂ ಇರಲಿಲ್ಲ.

ಊರಿಗೆ ಬಂದು ಬಡಿಗೇರನನ್ನು ಕರೆಸಿ ಪಡಸಾಲೆಯ ಎರಡು ಗೋಡೆಗೂ ಎದುರುಬದುರು ಒಂದೊಂದು ಮೊಳೆ ಹೊಡೆಸಿದೆ, ಪರದೆಯ ಹಗ್ಗ ಕಟ್ಟಲು. ಹಗ್ಗವನ್ನೂ ಕಟ್ಟಿಬಿಟ್ಟೆ. ತುಳಸಿ ಮತ್ತೆ ಬೀದಿಯ ಕಡೆ ವಾಲಿದೆ, ಅದಕ್ಕೆ ಬೇರೆ ಕಡ್ಡಿ ಚುಚ್ಚಿಲ್ಲ. ನಮ್ಮ ಮನೆಯವರು ಸ್ನಾನ ಮಾಡಿ ಬಂದವರು ಮರೆತು ಆ ಹಗ್ಗದ ಮೇಲೆ ಒದ್ದೆ ಟವೆಲು ಹಾಕುತ್ತಾರೆ. ನಾನು ದಿನಾ ಅದನ್ನು ತೆಗೆದು ಹೊರಗಿನ ಕಟ್ಟೆಯ ಮೇಲೆ ಹರವುತ್ತೇನೆ. ಹನ್ನೆರಡು ದಾಟಿತೆಂದರೆ ಬೇಗ ಒಣಗುತ್ತದೆ.